ತಾಲ್ಲೂಕು ಕಚೇರಿ ಸೇರಿದ ಮೊಮ್ಮಗಳಿಗೆ

ಪುಟ್ಟಿ,

‘ಪಹಣಿ, ಖಾತೆ ಬದಲಾವಣೆ ಮಾಡೋ ನನಗೂ ದೇಶದ ರಕ್ಷಣೆಗೂ ಏನು ಸಂಬಂಧ ತಾತ?’ ಎಂದು ಫೋನಿನಲ್ಲಿ ಕೇಳಿದೆಯಲ್ಲ. ತುಂಬಾ ಸಂಬಂಧ ಇದೆ ಕಂದಾ.

2012ರ ಆಗಸ್ಟ್‌ನಲ್ಲಿ ನೀನಿನ್ನೂ ಚಿಕ್ಕವಳು. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆಯಾಗುತ್ತದೆ ಎಂಬ ಸುದ್ದಿ ಎಸ್ಸೆಮ್ಮೆಸ್‌ನಲ್ಲಿ ಹಬ್ಬಿತು. ನಮ್ಮ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿದ್ದ ಅಸ್ಸಾಮಿ ಹುಡುಗ ಗೇಟಿನ ಬೀಗದಕೈ ನನ್ನ ಕೈಗಿಟ್ಟು, ಸಂಬಳಕ್ಕೂ ಕಾಯದೆ ಹೊರಟ. ‘ಪೊಲೀಸರಿದ್ದಾರೆ, ಏನೂ ಆಗಲ್ಲಪ್ಪ’ ಎಂದೆ. ಅವನು ಮಾತಾಡದೆ ಮೊಬೈಲ್ ತೆರೆದು ಒಂದು ಫೋಟೊ ತೋರಿಸಿದ. ಆಗ ರಾಜ್ಯದ ಗೃಹ ಸಚಿವರಾಗಿದ್ದ ಆರ್. ಅಶೋಕ ರೈಲು ನಿಲ್ದಾಣಕ್ಕೇ ಹೋಗಿ ಹೋಗಬೇಡಿ ಎಂದು ಕೇಳಿಕೊಂಡರೂ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಬೇರೆಲ್ಲೋ ನಡೆದ ದುರಂತಗಳ ಚಿತ್ರ ತಿದ್ದಿ, ಗಲಭೆಯವೆಂದು ಹರಿಬಿಟ್ಟಿದ್ದರು. ಅವುಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಬಂದವು ಎಂದು ಕೇಂದ್ರ ಗೃಹ ಕಾರ್ಯದರ್ಶಿ ಆಮೇಲೆ ಹೇಳಿದರು. ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಸರ್ಕಾರ ತಡೆಯನ್ನೂ ಹಾಕಿತು.

ನನ್ನನ್ನು ಇವತ್ತಿಗೂ ಕಾಡುವುದು ಆ ಹುಡುಗನ ಮುಖ. ಸರ್ಕಾರದ ಮಾತಿಗಿಂತ ಯಾರೋ ಕಳಿಸಿದ ಚಿತ್ರವೇ ಅವನಿಗೆ ನಿಜ ಅನ್ನಿಸಿತ್ತು. ಅದಕ್ಕೂ ಮೊದಲು ಯಾವ ಠಾಣೆ, ಯಾವ ಕಚೇರಿ ಅವನನ್ನು ಕೂರಿಸಿ ಮಾತಾಡಿಸಿತ್ತು ಹೇಳು? ಅವನಿಗೂ ಸರ್ಕಾರಕ್ಕೂ ನಡುವೆ ಬಿರುಕು ಮೊದಲೇ ಇತ್ತು; ಹೊಸದು ಮಾಡುವ ಶ್ರಮವೇ ವೈರಿಗೆ ಬೀಳಲಿಲ್ಲ.

ಗಾಳಿಸುದ್ದಿಯಿಂದಷ್ಟೇ ಅಲ್ಲ, ಕಂಪ್ಯೂಟರ್ ಮೂಲಕವೂ ದಾಳಿ ಆಗುತ್ತದೆ; ಎಸ್ಟೋನಿಯಾ ಎಂಬ ಪುಟ್ಟ ದೇಶದ ಕಥೆಯನ್ನೂ ತಿಳಿದುಕೋ. 2007ರಲ್ಲಿ ಟ್ಯಾಲಿನ್ ನಗರದ ಸೋವಿಯತ್ ಸೈನಿಕನ ಪ್ರತಿಮೆಯನ್ನು ಬೇರೆಡೆ ಸಾಗಿಸಿದಾಗ, ಅಲ್ಲಿನ ಸರ್ಕಾರ, ಬ್ಯಾಂಕು, ಪತ್ರಿಕೆಗಳ ಜಾಲತಾಣಗಳ ಮೇಲೆ ವಾರಗಟ್ಟಲೆ ಸೈಬರ್ ದಾಳಿ ನಡೆಯಿತು. ಈಗ ಅವರು ಭೂದಾಖಲೆಯೂ ಸೇರಿದಂತೆ ಮುಖ್ಯ ದಾಖಲೆಗಳ ನಕಲನ್ನು ಲಕ್ಸೆಂಬರ್ಗ್‌ನಲ್ಲಿ ಜೋಪಾನ ಮಾಡಿದ್ದಾರೆ. ಪಹಣಿ ಎಷ್ಟು ದೊಡ್ಡ ಆಸ್ತಿ ಎಂದು ಇದರಲ್ಲೇ ಕಾಣುತ್ತದಲ್ಲವೇ?

ಅದಕ್ಕೇ ಹೇಳುತ್ತೇನೆ, ಪಹಣಿ ದಾಖಲೆಯ ‘ಭೂಮಿ’ ತಂತ್ರಾಂಶದ ನಿನ್ನ ಲಾಗಿನ್ ಯಾರ ಕೈಗೂ ಕೊಡಬೇಡ, ಮೇಲಿನವರು ಅವಸರ ಮಾಡಿದರೂ. ಸರ್ವರ್ ಕೆಟ್ಟ ದಿನ ಕೆಟ್ಟಿದೆ ಎಂದೇ ಹೇಳಿ, ಮತ್ತೆ ಯಾವತ್ತು ಬರಬೇಕೆಂದು ಚೀಟಿಯಲ್ಲಿ ಬರೆದುಕೊಡು. ದೂರದ ಹಳ್ಳಿಯಿಂದ ಬಂದ ಅಜ್ಜನನ್ನು ಮೂರು ಸಲ ಓಡಾಡಿಸಬೇಡ. ಊರಿನಲ್ಲಿ ಗಾಳಿಸುದ್ದಿ ಎದ್ದರೆ ತಹಶೀಲ್ದಾರರನ್ನು ಕೇಳಿ, ಖಚಿತವಾದದ್ದನ್ನು ಅವತ್ತೇ ಜನಕ್ಕೆ ತಿಳಿಸು. ಆ ಹೊತ್ತಿಗಾಗಲೇ ಜನ ನಿನ್ನ ಮುಖ ನೋಡಿ ಗುರುತು ಹಿಡಿಯುವಂತಾಗಿರಲಿ.

ಇಂತಿ,
ನಿನ್ನ ತಾತ