ಹಳೇ ಕಾರು ಕ್ಲಾಸಿಕ್ ಆಗುವುದು ಹೇಗೆ?

ಹೊನ್ನವಳ್ಳಿ ಸುತ್ತಿನ ತೋಟದ ಮನೆಗಳಲ್ಲಿ ಹುಡುಕಿದರೆ ಸೋಗೆ ಚಪ್ಪರದಡಿ ಒಂದಾದರೂ ಹಳೇ ಅಂಬಾಸಿಡರ್ ಸಿಕ್ಕೀತು. ‘ಇದಕ್ಕೆ ಈಗ ಭಾರಿ ಬೆಲೆಯಂತೆ, ಹೌದಾ?’ ಎಂದು ಹೊಸಬರು ಕೇಳುತ್ತಾರೆ. ಬರೀ ವಯಸ್ಸಿಗೆ ಬೆಲೆಯಿಲ್ಲ. ಅಟ್ಟದಲ್ಲಿ ವರ್ಷ ಕಳೆದ ಕಾಯೆಲ್ಲ ಉಂಡೆ ಕೊಬ್ಬರಿಯಾಗುವುದಿಲ್ಲ, ಕೆಲವು ಕೌಟಾಗುತ್ತವೆ, ಕಾರೂ ಹಾಗೆಯೇ.

ಮೊದಲು ನೋಡಬೇಕಾದ್ದು ಮೂಲರೂಪ. ಬಾನೆಟ್ ಎತ್ತಿ. ಹಳೇ ಅಂಬಾಸಿಡರಿನಲ್ಲಿ ಇರಬೇಕಾದ್ದು 1489 ಸಿಸಿ ಪೆಟ್ರೋಲ್ ಎಂಜಿನ್. ಪೆಟ್ರೋಲ್ ಖರ್ಚು ತಾಳಲಾರದೆ ಎಷ್ಟೋ ಜನ ಅದನ್ನು ಇಳಿಸಿ ಮೆಟಡಾರ್ ಡೀಸೆಲ್ ಎಂಜಿನ್ ಕೂರಿಸಿದರು. ದುಡಿಯುವ ಕಾರಿಗೆ ಅದು ಸರಿಯೇ, ಸಂಗ್ರಹದ ಕಾರಿಗೆ ದೊಡ್ಡ ನಷ್ಟ. ಆಮೇಲೆ ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ, ಮುಂದಿನ ಗ್ರಿಲ್, ಮೀಟರು, ಸೀಟು ನೋಡಿ. ಮಾರ್ಕ್ 2 ಕಾರಿಗೆ ಮಾರ್ಕ್ 4ರ ಗ್ರಿಲ್ ಹಾಕಿದ್ದರೆ ಬಲ್ಲವರು ದೂರದಿಂದಲೇ ಹೇಳುತ್ತಾರೆ. ಮಿರಮಿರ ಹೊಸ ಪೇಂಟಿಗಿಂತ ಮಾಸಿದ ಮೂಲ ಬಣ್ಣವೇ ನನಗೆ ಹೆಚ್ಚು.

ಕಾನೂನೂ ಇದನ್ನೇ ಕೇಳುತ್ತದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಷಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಖಾಸಗಿ ವಾಹನ ಮಾತ್ರ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರದ ಬೇರೆ ನಂಬರ್. ಪ್ರದರ್ಶನ, ರ್‍ಯಾಲಿಗೆ ಒಯ್ಯಬಹುದು, ದಿನದ ಓಡಾಟಕ್ಕಿಲ್ಲ. ಕ್ಲಾಸಿಕ್ ಎನ್ನಲು ಅಷ್ಟು ವಯಸ್ಸೂ ಬೇಡ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫೀವಾ’ 30 ವರ್ಷ ಸಾಕೆನ್ನುತ್ತದೆ.

ಇನ್ನು ಅಪರೂಪ. ರಾಜರ ರೋಲ್ಸ್ ರಾಯ್ಸ್ ಮಾತ್ರ ಅಪರೂಪವೆಂದುಕೊಳ್ಳಬೇಡಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮೊದಲ ರೂಪದ ಮಾರುತಿ 800ಕ್ಕೆ ಇಂದು ಹುಡುಕಾಟ ನಡೆದಿದೆ. ಮನೆಮನೆಗೂ ಇದ್ದ ಕಾರನ್ನು ಯಾರೂ ಜೋಪಾನ ಮಾಡಲಿಲ್ಲ, ಅದಕ್ಕೇ.

ಕಣ್ಣು ಪಳಗಬೇಕಾದರೆ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಕಾರುಗಳನ್ನು ನಿಧಾನವಾಗಿ ನೋಡಿ ಬನ್ನಿ.

ನಿಮ್ಮ ಮನೆಯಲ್ಲೇ ಅಂಥ ಕಾರಿದ್ದರೆ ಗುಜರಿಯವರನ್ನು ಕರೆಯುವ ಮುಂಚೆ ಆರ್‌ಸಿ ಪುಸ್ತಕ ಹುಡುಕಿ, ಷಾಸಿ ನಂಬರ್ ತಾಳೆ ನೋಡಿ. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟ್ ಇದ್ದರೆ ಎಸೆಯಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಒಮ್ಮೆಗೇ ಸ್ಟಾರ್ಟ್ ಮಾಡಬೇಡಿ. ಪ್ಲಗ್ ಬಿಚ್ಚಿ ಒಂದಿಷ್ಟು ಎಣ್ಣೆ ಬಿಟ್ಟು, ಮರುದಿನ ಕೈಯಿಂದ ತಿರುಗಿಸಿ ನೋಡಿ.