ಬಿಪಿಯ ಹಿಂದೆ ಹಾರ್ಮೋನ್ ಇದೆಯೇ? ಪತ್ತೆ ಹಚ್ಚುವ ಕ್ರಮ ಹೀಗೆ

1954ರ ಏಪ್ರಿಲ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ 34 ವರ್ಷದ ಮಹಿಳೆಯೊಬ್ಬರು ಬಂದರು. ಏಳು ವರ್ಷಗಳಿಂದ ಆಗಾಗ ಸ್ನಾಯು ಸೆಳೆತ, ಕಾಲು ಸೋತು ಎದ್ದು ನಿಲ್ಲಲೂ ಆಗದಂಥ ನಿಶ್ಶಕ್ತಿ. ಬಿಪಿ ಏರಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ತಿಂಗಳುಗಟ್ಟಲೆ ಪರೀಕ್ಷೆ ನಡೆಸಿದ ಡಾ. ಜೆರೋಮ್ ಕಾನ್, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರಾನ್ ಎಂಬ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತಿದೆ ಎಂಬ ತೀರ್ಮಾನಕ್ಕೆ ಬಂದರು. ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಪೊಟ್ಯಾಸಿಯಂ ಸರಿಹೋಯಿತು, ಬಿಪಿಯೂ ಇಳಿಯಿತು.

ಇದು ಅಪರೂಪದ ಕಾಯಿಲೆ, ಪೊಟ್ಯಾಸಿಯಂ ಕಡಿಮೆಯಾದವರಿಗೆ ಮಾತ್ರ ಬರುತ್ತದೆ ಎಂದು ವೈದ್ಯಲೋಕ ದಶಕಗಳ ಕಾಲ ನಂಬಿತ್ತು. ಆ ಎರಡು ನಂಬಿಕೆಗಳೂ ಈಗ ಉಳಿದಿಲ್ಲ. ಬಿಪಿ ಇರುವ ನೂರು ಜನರಲ್ಲಿ ಸುಮಾರು 5ರಿಂದ 10 ಮಂದಿಗೆ ಈ ತೊಂದರೆ ಇರುತ್ತದೆ. ಅವರಲ್ಲಿ ಹೆಚ್ಚಿನವರ ಪೊಟ್ಯಾಸಿಯಂ ಸಹಜವಾಗಿಯೇ ಇರುತ್ತದೆ. ಆದರೂ ಪರೀಕ್ಷೆ ಮಾಡಿಸಿಕೊಳ್ಳುವವರು ತೀರಾ ವಿರಳ. ಔಷಧಕ್ಕೆ ಬಗ್ಗದ ಬಿಪಿ ಇದ್ದ ಎರಡೂವರೆ ಲಕ್ಷಕ್ಕೂ ಹೆಚ್ಚು ಅಮೆರಿಕನ್ ಮಾಜಿ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದ 2021ರ ಅಧ್ಯಯನದಲ್ಲಿ, ಈ ಪರೀಕ್ಷೆ ಆಗಿದ್ದದ್ದು ನೂರಕ್ಕೆ ಇಬ್ಬರಿಗಿಂತ ಕಡಿಮೆ ಮಂದಿಗೆ. ವೈದ್ಯರನ್ನು ಕಾಣುವ ಮುನ್ನ ಯಾವುದನ್ನು, ಯಾವ ಕ್ರಮದಲ್ಲಿ ತಿಳಿದಿರಬೇಕು ಎಂಬ ವಿವರ ಇಲ್ಲಿದೆ.

ಹಂತ 1: ಬಿಪಿ ನಿಜಕ್ಕೂ ಹೆಚ್ಚಿದೆಯೇ?

ಆಸ್ಪತ್ರೆಯಲ್ಲಿ ಒಮ್ಮೆ ಏರಿದ ಅಂಕಿಯನ್ನು ನಂಬಿ ಹಾರ್ಮೋನ್ ಹುಡುಕಲು ಹೊರಡುವುದು ಸಲ್ಲದು. ತೋಳಿಗೆ ಪಟ್ಟಿ ಸುತ್ತುವ ಯಂತ್ರದಲ್ಲಿ ಮನೆಯಲ್ಲೇ ಒಂದು ವಾರ ಅಳೆಯಬೇಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ತಾಗಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಐದು ನಿಮಿಷ ಮಾತಿಲ್ಲದೆ ಕೂತ ಬಳಿಕ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಕಾಫಿ ಕುಡಿದ ಕೂಡಲೇ ಬೇಡ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ದಾಟಿದರೆ ಬಿಪಿ ಇದೆ ಎಂದೇ ಲೆಕ್ಕ. ಈ ಅಂಕಿಗಳನ್ನು ಬರೆದಿಟ್ಟ ಹಾಳೆ ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 2: ಮಾತ್ರೆ ಡಬ್ಬಿಯನ್ನೂ ಅಡುಗೆಮನೆಯನ್ನೂ ಜಾಲಾಡಿ

ಎಷ್ಟೋ ಸಲ ಬಿಪಿ ಏರಿಸುವ ಹಾರ್ಮೋನ್ ಒಳಗಿನ ಗ್ರಂಥಿಯಿಂದಲ್ಲ, ಹೊರಗಿನಿಂದಲೇ ಬಂದಿರುತ್ತದೆ. ಗರ್ಭನಿರೋಧಕ ಮಾತ್ರೆ, ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ನುಂಗಿದ ಸ್ಟಿರಾಯ್ಡ್, ಚರ್ಮಕ್ಕೆ ಎಗ್ಗಿಲ್ಲದೆ ಹಚ್ಚಿದ ಸ್ಟಿರಾಯ್ಡ್ ಮುಲಾಮು, ಒಳಗೆ ಏನಿದೆಯೆಂದು ಹೇಳದ ‘ನೋವಿನ ಪುಡಿ’ ಎಲ್ಲವೂ ಈ ಪಟ್ಟಿಯಲ್ಲಿವೆ. ಹಾರ್ಮೋನ್ ಅಲ್ಲದಿದ್ದರೂ ನೋವುನಿವಾರಕಗಳು ಮತ್ತು ನೆಗಡಿಯ ಕೆಲವು ಮಾತ್ರೆಗಳು ಕೂಡ ಬಿಪಿ ಏರಿಸುತ್ತವೆ.

ಕೆಮ್ಮಿಗೆಂದು ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧುವಿನ ಮೇಲೂ ಕಣ್ಣಿರಲಿ. ಇದನ್ನು ಅತಿಮಧುರ ಎಂದೂ ಕರೆಯುತ್ತಾರೆ. ಇದರ ಗ್ಲಿಸಿರೈಜಿನ್ ಎಂಬ ಅಂಶವು ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ತಾನೇ ಆಲ್ಡೋಸ್ಟಿರಾನ್‌ನ ಕೆಲಸಕ್ಕೆ ಇಳಿಯುತ್ತದೆ: ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅಪರೂಪಕ್ಕೊಮ್ಮೆ ಚೂರು ಅಗಿದರೆ ಗಾಬರಿ ಬೇಕಿಲ್ಲ. ದಿನವೂ ಕಷಾಯ ಕುಡಿಯುವವರು ವೈದ್ಯರಿಗೆ ಹೇಳಲೇಬೇಕು. ವೈದ್ಯರು ಕೊಟ್ಟ ಸ್ಟಿರಾಯ್ಡನ್ನು ಮಾತ್ರ ಯಾರೂ ತಟ್ಟನೆ ನಿಲ್ಲಿಸಬಾರದು; ಅದರಿಂದ ಪ್ರಾಣಕ್ಕೇ ಅಪಾಯವಾದೀತು.

ಹಂತ 3: ಪರೀಕ್ಷೆ ಯಾರಿಗೆ?

ಬಿಪಿ ಇರುವ ಎಲ್ಲರಿಗೂ ಆಲ್ಡೋಸ್ಟಿರಾನ್ ಪರೀಕ್ಷೆ ಆಗಲಿ ಎಂದು ಅಂತರರಾಷ್ಟ್ರೀಯ ಎಂಡೊಕ್ರೈನ್ ಸೊಸೈಟಿಯ 2025ರ ಮಾರ್ಗಸೂಚಿ ಸಲಹೆ ಮಾಡಿದೆ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯ ನಿಲುವೂ ಹೆಚ್ಚುಕಡಿಮೆ ಇದೇ. ಎಲ್ಲರಿಗೂ ಸಾಧ್ಯವಾಗದ ಕಡೆ ಈ ಕೆಳಗಿನವರಿಗೆ ಮೊದಲ ಸರದಿ:

– ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧ ತೆಗೆದುಕೊಂಡರೂ ಬಿಪಿ ಇಳಿಯದವರು
– 40 ತುಂಬುವ ಮೊದಲೇ ಬಿಪಿ ಬಂದವರು, ಅಥವಾ ಮನೆಯಲ್ಲಿ ಯಾರಿಗಾದರೂ ಆ ವಯಸ್ಸಿಗೇ ಪಾರ್ಶ್ವವಾಯು ಹೊಡೆದಿರುವವರು
– ಪೊಟ್ಯಾಸಿಯಂ ಕಡಿಮೆ ಇರುವವರು
– ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗಡ್ಡೆ ಕಂಡವರು
– ಬಿಪಿಯ ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅಥವಾ ಹೃದಯ ಬಡಿತದ ಏರುಪೇರು ಇರುವವರು

ಹಂತ 4: ಮುಖ್ಯ ಪರೀಕ್ಷೆಗೆ ಸಿದ್ಧತೆ

ದೇಹದಲ್ಲಿ ಉಪ್ಪು-ನೀರು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಬಿಡುಗಡೆ ಮಾಡುತ್ತದೆ. ಅದರ ಸೂಚನೆ ಸಿಕ್ಕಿದ ಮೇಲೆ ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರಾನ್ ಸ್ರವಿಸಿ ಉಪ್ಪನ್ನು ಉಳಿಸಿಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ. ಉಪ್ಪು ಸಾಕಷ್ಟಾದಾಗ ಎರಡೂ ಇಳಿಯಬೇಕು. ಈ ಕಾಯಿಲೆಯಲ್ಲಿ ಹಾಗಾಗುವುದಿಲ್ಲ. ತೊಟ್ಟಿ ತುಂಬಿ ಹರಿಯುತ್ತಿದ್ದರೂ ಮೋಟಾರ್ ಓಡುತ್ತಲೇ ಇದ್ದಂತೆ, ರೆನಿನ್ ತಳ ಕಂಡಿದ್ದರೂ ಆಲ್ಡೋಸ್ಟಿರಾನ್ ಬರುತ್ತಲೇ ಇರುತ್ತದೆ. ಹೀಗಾಗಿ ಎರಡನ್ನೂ ಒಂದೇ ರಕ್ತದ ಮಾದರಿಯಲ್ಲಿ ಅಳೆದು ಅನುಪಾತ ನೋಡಬೇಕು. ಒಂದನ್ನೇ ಅಳೆದರೆ ಹಣ ದಂಡ.

ಮಾದರಿ ಕೊಡುವುದು ಬೆಳಗಿನ ಹೊತ್ತು. ಎದ್ದು ಕನಿಷ್ಠ ಎರಡು ಗಂಟೆ ಓಡಾಡಿಕೊಂಡಿದ್ದು, ಆಮೇಲೆ ಲ್ಯಾಬ್‌ನಲ್ಲಿ 5ರಿಂದ 15 ನಿಮಿಷ ಕೂತಿರಬೇಕು. ಪರೀಕ್ಷೆಗೆಂದು ಉಪ್ಪು ಬಿಡಬಾರದು. ಉಪ್ಪು ಬಿಟ್ಟರೆ ರೆನಿನ್ ಏರಿ ಕಾಯಿಲೆ ಮರೆಯಾಗುತ್ತದೆ. ಪೊಟ್ಯಾಸಿಯಂ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು, ಯಾಕೆಂದರೆ ಅದರ ಕೊರತೆ ಆಲ್ಡೋಸ್ಟಿರಾನನ್ನೇ ತಗ್ಗಿಸುತ್ತದೆ. ರಕ್ತ ತೆಗೆಯುವಾಗ ಮುಷ್ಟಿಯನ್ನು ಪದೇಪದೇ ಬಿಗಿಯುವುದೂ ಬೇಡ. ಹಾಗೆ ಮಾಡಿದರೆ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ರೆನಿನ್‌ಗೆ ತೆಗೆದ ರಕ್ತವನ್ನು ಬೇರ್ಪಡಿಸುವ ಮೊದಲು ಐಸ್‌ನಲ್ಲಿ ಇಡಬಾರದು. ತಂಪಿನಲ್ಲಿ ನಿಷ್ಕ್ರಿಯ ರೆನಿನ್ ಎಚ್ಚೆತ್ತು ಅಂಕಿ ಕೆಡುತ್ತದೆ. ಮನೆಗೆ ಬಂದು ಮಾದರಿ ಒಯ್ಯುವವರಿಗೆ ಇದನ್ನು ಹೇಳುವುದು ಒಳ್ಳೆಯದು.

ಮಾತ್ರೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ರೆನಿನ್ ಇಳಿಸಿ ಕಾಯಿಲೆ ಇಲ್ಲದವರಲ್ಲೂ ಅನುಮಾನ ಹುಟ್ಟಿಸುತ್ತವೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳು ರೆನಿನ್ ಏರಿಸಿ ಇರುವ ಕಾಯಿಲೆಯನ್ನೇ ಮುಚ್ಚಬಲ್ಲವು. ಆದರೂ ಮೊದಲ ಪರೀಕ್ಷೆಯನ್ನು ಮಾತ್ರೆ ನಿಲ್ಲಿಸದೆಯೇ ಮಾಡಿ, ಅವುಗಳ ಪ್ರಭಾವವನ್ನು ಗಮನದಲ್ಲಿಟ್ಟು ಫಲಿತಾಂಶ ಓದುವುದು ಈಗಿನ ರೂಢಿ. ಉತ್ತರ ಸ್ಪಷ್ಟವಾಗದಿದ್ದರೆ ಸ್ಪೈರೊನೊಲ್ಯಾಕ್ಟೋನ್‌ನಂಥವನ್ನು ನಾಲ್ಕು ವಾರ ಬಿಡಿಸಿ, ಬದಲಿಗೆ ವೆರಾಪಮಿಲ್ ಅಥವಾ ಪ್ರಜೋಸಿನ್ ಕೊಟ್ಟು ಮರುಪರೀಕ್ಷೆ ಮಾಡಿಸುವುದುಂಟು. ಅದು ವೈದ್ಯರ ಉಸ್ತುವಾರಿಯಲ್ಲೇ ಆಗಬೇಕು.

ಹಂತ 5: ವರದಿ ಓದುವಾಗ

ರೆನಿನ್ ಕಡಿಮೆ, ಆಲ್ಡೋಸ್ಟಿರಾನ್ ಡೆಸಿಲೀಟರ್‌ಗೆ 10 ನ್ಯಾನೋಗ್ರಾಂಗಿಂತ ಹೆಚ್ಚು, ಅನುಪಾತ 20 ದಾಟಿದೆ ಎಂದರೆ ಅನುಮಾನ ಬಲವಾಗುತ್ತದೆ. ಆದರೆ 20ರ ಗೆರೆ ‘ರೆನಿನ್ ಚಟುವಟಿಕೆ’ ಅಳೆದಾಗ ಮಾತ್ರ ಅನ್ವಯ. ಹಲವು ಲ್ಯಾಬ್‌ಗಳು ರೆನಿನ್‌ನ ಪ್ರಮಾಣವನ್ನೇ ನೇರವಾಗಿ ಅಳೆಯುತ್ತವೆ. ಅಲ್ಲಿ ಗೆರೆ ಒಂದಂಕಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಎರಡು ಲ್ಯಾಬ್‌ಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮೊದಲು ಅಳತೆಯ ಮಾನ ನೋಡಬೇಕು.

ಹಂತ 6: ಉಳಿದ ಗ್ರಂಥಿಗಳು, ಲಕ್ಷಣ ನೋಡಿ

ಉಳಿದ ಹಾರ್ಮೋನ್ ಪರೀಕ್ಷೆಗಳನ್ನು ಎಲ್ಲರಿಗೂ ಸಾಲಾಗಿ ಮಾಡಿಸುವ ಅಗತ್ಯವಿಲ್ಲ. ಥೈರಾಯ್ಡ್‌ನ ಟಿಎಸ್‌ಎಚ್ ಮತ್ತು ರಕ್ತದ ಕ್ಯಾಲ್ಸಿಯಂ ಸುಲಭದ ಪರೀಕ್ಷೆಗಳು. ಥೈರಾಯ್ಡ್ ಏರಿದರೂ ಇಳಿದರೂ ಬಿಪಿ ಕೆಡಬಹುದು.

ತಲೆ ಸಿಡಿತ, ಬೆವರು, ಎದೆ ಡವಡವ ಮೂರೂ ಒಟ್ಟಿಗೆ ದಾಳಿಯಿಟ್ಟಂತೆ ಬಂದುಹೋಗುತ್ತಿದ್ದರೆ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆಯ ಶಂಕೆ. ಇದಕ್ಕೆ ರಕ್ತದಲ್ಲೋ 24 ಗಂಟೆಗಳ ಮೂತ್ರದಲ್ಲೋ ಮೆಟಾನೆಫ್ರಿನ್ ಪರೀಕ್ಷೆ. ರಕ್ತ ಕೊಡುವ ಮುನ್ನ 20ರಿಂದ 30 ನಿಮಿಷ ಮಲಗಿರಬೇಕು. ಈ ಗಡ್ಡೆ ಇರುವವರಿಗೆ ಆಲ್ಫಾ ಬ್ಲಾಕರ್ ಕೊಡದೆ ಬೀಟಾ ಬ್ಲಾಕರ್ ಕೊಟ್ಟರೆ ಬಿಪಿ ಅಪಾಯಕಾರಿಯಾಗಿ ಜಿಗಿಯಬಹುದು.

ಮುಖ ದುಂಡಾಗಿ, ಹೊಟ್ಟೆ ದಪ್ಪಗಾಗಿ ಕೈಕಾಲು ಸಣ್ಣಗಾಗುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ತುಸು ತಾಗಿದರೂ ಚರ್ಮ ಕಪ್ಪುಗಟ್ಟುವುದು ಕುಶಿಂಗ್ ಕಾಯಿಲೆಯ ಲಕ್ಷಣಗಳು. ರಾತ್ರಿ 11ಕ್ಕೆ ಒಂದು ಮಿಲಿಗ್ರಾಂ ಡೆಕ್ಸಾಮೆಥಸೋನ್ ನುಂಗಿ, ಮರುದಿನ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ಅಳೆಯುತ್ತಾರೆ. ಅದು ಡೆಸಿಲೀಟರ್‌ಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯಬೇಕು. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಅಂಕಿ ತಪ್ಪು ದಾರಿ ಹಿಡಿಸುತ್ತದೆ.

ಹಂತ 7: ಆಲ್ಡೋಸ್ಟಿರಾನ್ ಪರೀಕ್ಷೆ ಪಾಸಿಟಿವ್ ಬಂದರೆ

ಮುಂದಿನ ದಾರಿ ಎಂಡೊಕ್ರಿನಾಲಜಿಸ್ಟ್ ಬಳಿಗೆ. ಬಹಳ ಜನರಿಗೆ ಖಚಿತಪಡಿಸುವ ಪರೀಕ್ಷೆ ಬೇಕಾಗುತ್ತದೆ. ಎರಡು ಲೀಟರ್ ಸಲೈನ್ ಅನ್ನು ನಾಲ್ಕು ಗಂಟೆಯಲ್ಲಿ ಏರಿಸಿ, ಆಲ್ಡೋಸ್ಟಿರಾನ್ ಇಳಿಯುತ್ತದೆಯೇ ಎಂದು ನೋಡುವುದು ಒಂದು ವಿಧಾನ. ಬಳಿಕ ಅಡ್ರಿನಲ್ ಸಿಟಿ ಸ್ಕ್ಯಾನ್. ಗಡ್ಡೆ ಕಂಡಿತೆಂದು ಕೂಡಲೇ ಕತ್ತರಿ ಹಾಕುವಂತಿಲ್ಲ, ಏಕೆಂದರೆ ಹಾರ್ಮೋನ್ ಸುರಿಸುವುದು ಇನ್ನೊಂದು ಬದಿಯ ಗ್ರಂಥಿಯೂ ಆಗಿರಬಹುದು. ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಎರಡೂ ಗ್ರಂಥಿಗಳ ಅಭಿಧಮನಿಯಿಂದ ರಕ್ತ ತೆಗೆದು ಹೋಲಿಸುವುದು ಖಚಿತ ಮಾರ್ಗ. ಕೈ ಪಳಗಿದ ತಜ್ಞರಿರುವ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇದು ಸಾಧ್ಯ.

ತೊಂದರೆ ಒಂದೇ ಬದಿಯಲ್ಲಿದ್ದರೆ ಲ್ಯಾಪರೊಸ್ಕೋಪಿ ಮೂಲಕ ಆ ಗ್ರಂಥಿ ತೆಗೆಯುತ್ತಾರೆ. ಹೀಗೆ ಶಸ್ತ್ರಚಿಕಿತ್ಸೆಯಾದ 700ಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ 2017ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಶೇ 94 ಮಂದಿಯ ಹಾರ್ಮೋನ್ ಸರಿಹೋಗಿತ್ತು. ಮಾತ್ರೆಯಿಲ್ಲದೆಯೇ ಬಿಪಿ ಸಹಜವಾದದ್ದು ಶೇ 37 ಮಂದಿಗೆ. ಇನ್ನೂ ಶೇ 47 ಮಂದಿಯ ಬಿಪಿ ಸಾಕಷ್ಟು ಸುಧಾರಿಸಿತ್ತು ಅಥವಾ ಮಾತ್ರೆಗಳು ಕಡಿಮೆಯಾಗಿದ್ದವು. ಎರಡೂ ಬದಿಯ ತೊಂದರೆಗೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೇ ಚಿಕಿತ್ಸೆ. ಗಂಡಸರಲ್ಲಿ ಎದೆ ಊದಿಕೊಂಡು ನೋವಾದರೆ ಎಪ್ಲೆರಿನೋನ್‌ಗೆ ಬದಲಿಸುತ್ತಾರೆ. ಮಾತ್ರೆ ಶುರುವಾದ ಕೆಲವು ವಾರಗಳೊಳಗೆ, ಆಮೇಲೂ ಆಗಾಗ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ನೋಡಿಸಬೇಕು. ಆ ದಿನಗಳಲ್ಲಿ ಎಳನೀರು, ಪೊಟ್ಯಾಸಿಯಂ ಬೆರೆತ ‘ಕಡಿಮೆ ಸೋಡಿಯಂ’ ಉಪ್ಪು ಇವುಗಳ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.