ಮೊದಲು ಸ್ಪಿನ್ನರ್ ಜಾಗ ಗೊತ್ತುಮಾಡಿ, ಆಮೇಲೆ ಎಂಜಿನ್ ಕೂರಿಸಿ

ಎರಡು ಮೀಟರಿಗೂ ಹೆಚ್ಚು ರೆಕ್ಕೆಯಗಲದ ರೇಡಿಯೊ ನಿಯಂತ್ರಿತ ವಿಮಾನದ ಕಿಟ್ ಕೈಗೆ ಬಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಂಜಿನ್ನಿಗೆ ಬೋಲ್ಟ್ ಹಾಕುವುದು. ಕೌಲಿಂಗ್ ಹೊದಿಸಿ ನೋಡುವಾಗಲೇ ಫಜೀತಿ ಗೊತ್ತಾಗುವುದು: ಸ್ಪಿನ್ನರ್ ಒಂದೋ ಕೌಲಿಂಗಿಗೆ ಉಜ್ಜುತ್ತದೆ, ಇಲ್ಲವೇ ನಡುವೆ ಬೆರಳು ತೂರುವಷ್ಟು ಸಂದಿ. ಕೌಲಿಂಗ್ ಎಲ್ಲಿ ಕೂರಬೇಕೆಂಬುದು ವಿಮಾನದ ಒಡಲಿನಿಂದಲೇ ನಿರ್ಧಾರವಾಗಿರುತ್ತದೆ. ಅದರ ಮುಂದೆ ಸ್ಪಿನ್ನರ್. ಆ ಸ್ಪಿನ್ನರ್ ಇರುವ ಜಾಗಕ್ಕೆ ಎಂಜಿನ್ ಬಂದು ನಿಲ್ಲಬೇಕು. ಹಾಗಾಗಿ ಅಳತೆ ಮುಂದಿನಿಂದ ಹಿಂದಕ್ಕೆ ಸಾಗಲಿ.

ಡಿಎ-50, ಡಿಎಲ್‌ಇ-55ರಂಥ ಒಂಟಿ ಸಿಲಿಂಡರಿನ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದೆ.

ಅಳತೆ

ಕೌಲಿಂಗನ್ನು ಒಡಲಿಗೆ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಫೈರ್‌ವಾಲಿನಿಂದ ಕೌಲಿಂಗಿನ ಮೂತಿಯವರೆಗೆ ಅಳೆಯಿರಿ. ಅದಕ್ಕೆ 3 ಮಿ.ಮೀ. ಸೇರಿಸಿ. ಸ್ಪಿನ್ನರಿನ ಹಿಂಬಿಲ್ಲೆ ಬರಬೇಕಾದದ್ದು ಅಲ್ಲಿಗೆ. ಎಂಜಿನ್ ತಳದಿಂದ ಪ್ರೊಪೆಲ್ಲರ್ ಕೂರುವ ಮುಖದವರೆಗಿನ ಉದ್ದ ಕೈಪಿಡಿಯಲ್ಲಿರುತ್ತದೆ. ನಂಬದೆ ಕ್ಯಾಲಿಪರ್ ಹಿಡಿದು ನೀವೂ ಅಳೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸವನ್ನು ಅಲ್ಯುಮಿನಿಯಂ ಸ್ಟ್ಯಾಂಡಾಫ್‌ಗಳಿಂದ ತುಂಬಬೇಕು. ಒಂದೆರಡು ಮಿ.ಮೀ. ಕೊರತೆಗೆ ವಾಷರ್ ಸಾಕು.

ಬಲಕ್ಕೆ ವಾಲಿಕೆ

ಥ್ರಾಟಲ್ ಕೊಟ್ಟಾಗ ವಿಮಾನ ಎಡಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಎಂಜಿನ್ನನ್ನು ಸುಮಾರು 2 ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸುತ್ತಾರೆ. ಎಡ, ಬಲ ಎಂದರೆ ಪೈಲಟ್ ಕೂತು ನೋಡಿದ ಎಡ, ಬಲ. ಮೇಜಿನ ಮೇಲೆ ವಿಮಾನದ ಮೂಗು ನಮ್ಮತ್ತ ಇರುವುದರಿಂದ ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಫೈರ್‌ವಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ‘ಎ’, ‘ಬ’ ಎಂದು ಬರೆದುಬಿಡಿ.

ಎಂಜಿನ್ ಬಲಕ್ಕೆ ತಿರುಗಿದರೆ ಅದರ ಮೂತಿಯೂ ಬಲಕ್ಕೆ ಸರಿಯುತ್ತದೆ. ಸ್ಪಿನ್ನರ್ ಕೌಲಿಂಗಿನ ನಡುವೆ ಬರುವುದಿಲ್ಲ. ಫೈರ್‌ವಾಲಿನಿಂದ ಪ್ರೊಪೆಲ್ಲರ್ ಮುಖಕ್ಕೆ 170 ಮಿ.ಮೀ. ಇದ್ದರೆ 2 ಡಿಗ್ರಿಗೆ ಈ ಸರಿತ ಹತ್ತಿರ ಹತ್ತಿರ 6 ಮಿ.ಮೀ. ಆದ್ದರಿಂದ ಎಂಜಿನ್ನಿನ ನಡುಗೀಟನ್ನು ಫೈರ್‌ವಾಲಿನ ನಡುಗೀಟಿಗಿಂತ 6 ಮಿ.ಮೀ. ಎಡಕ್ಕೆ ಹಾಕಬೇಕು. ಎಷ್ಟೋ ಕಿಟ್‌ಗಳಲ್ಲಿ ಫೈರ್‌ವಾಲನ್ನೇ ವಾಲಿಸಿ ಅಂಟಿಸಿರುತ್ತಾರೆ, ಗೀಟನ್ನೂ ಸರಿಸಿ ಎಳೆದಿರುತ್ತಾರೆ. ಅದನ್ನು ನೋಡದೆ ನೀವೂ ಸೇರಿಸಿದರೆ ವಾಲಿಕೆ ಇಮ್ಮಡಿಯಾಗುತ್ತದೆ. ವಾಲಿಕೆ ಇಲ್ಲದ ಫೈರ್‌ವಾಲಾದರೆ ಎಡಬದಿಯ ಬೋಲ್ಟ್‌ಗಳಿಗೆ ವಾಷರ್ ಕೊಡಿ: ಎಡ, ಬಲ ಬೋಲ್ಟ್‌ಗಳ ನಡುವೆ 60 ಮಿ.ಮೀ. ಅಂತರವಿದ್ದರೆ 2 ಮಿ.ಮೀ. ದಪ್ಪ ಸಾಕು.

ಬೋಲ್ಟ್ ಬಿಗಿಯುವ ಮುನ್ನ

ಫೈರ್‌ವಾಲ್ ಒಡಲಿಗೆ ಸೇರುವ ಒಳಮೂಲೆಗಳಲ್ಲಿ ತ್ರಿಕೋನದ ಮರದ ಪಟ್ಟಿಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ. ಕಾರ್ಖಾನೆಯ ಅಂಟನ್ನು ಈ ಕಂಪನದ ಎದುರು ನಂಬುವಂತಿಲ್ಲ. ಟಿ-ನಟ್‌ಗಳನ್ನು ಹಿಂದಿನಿಂದ ಸುತ್ತಿಗೆಯಲ್ಲಿ ಬಡಿಯಬೇಡಿ, ಪ್ಲೈವುಡ್ ಸೀಳುತ್ತದೆ. ಮುಂದಿನಿಂದ ದೊಡ್ಡ ವಾಷರ್ ಸಹಿತ ಬೋಲ್ಟ್ ಹಾಕಿ ತಿರುಗಿಸುತ್ತ ಒಳಗೆಳೆದುಕೊಳ್ಳಿ. ಗಟ್ಟಿ ಉಕ್ಕಿನ ಅಲೆನ್ ಬೋಲ್ಟ್‌ಗಳನ್ನೇ ಬಳಸಿ; ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯಲ್ಲಿ ಬಿಡಿಯಾಗಿಯೇ ಸಿಗುತ್ತವೆ. ಕೊನೆಯ ಸಲ ಬಿಗಿಯುವಾಗ ನೀಲಿ ಲಾಕ್‌ಟೈಟ್ ಒಂದು ಹನಿ ಇರಲಿ. ಪೆಟ್ರೋಲ್, ಎಣ್ಣೆ ಹೀರದಂತೆ ಫೈರ್‌ವಾಲಿಗೆ ಎಪಾಕ್ಸಿ ಬಳಿಯುವುದನ್ನೂ ಮರೆಯಬೇಡಿ.

ಥ್ರಾಟಲ್ ಕಡ್ಡಿ ನೈಲಾನಿನದಾಗಿರಲಿ: ಲೋಹಕ್ಕೆ ಲೋಹ ತಾಗಿದರೆ ರೇಡಿಯೊಗೆ ಗದ್ದಲ. ಇಗ್ನಿಷನ್‌ಗೆ ಪ್ರತ್ಯೇಕ ಬ್ಯಾಟರಿ ಕೊಡಿ, ರಿಸೀವರನ್ನು ಅದರಿಂದ ಆದಷ್ಟು ದೂರವಿಡಿ. ಸಿಲಿಕೋನ್ ಕೊಳವೆ ಪೆಟ್ರೋಲಿಗೆ ಉಬ್ಬಿ ಹಾಳಾಗುವುದರಿಂದ ಟೈಗಾನ್ ಬಳಸಿ.

ಕೌಲಿಂಗ್ ಕತ್ತರಿಸುವುದು

ಇಲ್ಲಿ ಕಣ್ಣಂದಾಜು ಕೆಲಸಕ್ಕೆ ಬಾರದು. ಹಳೆಯ ಎಕ್ಸ್-ರೇ ಫಿಲ್ಮನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿಕೊಳ್ಳಿ. ಎಂಜಿನ್, ಮಫ್ಲರ್ ಕೂರಿಸಿದ ಸ್ಥಿತಿಯಲ್ಲೇ ಪಟ್ಟಿಯ ಹಿಂತುದಿಯನ್ನು ಒಡಲಿಗೆ ಟೇಪ್ ಮಾಡಿ, ಮುಂತುದಿಯನ್ನು ಸಿಲಿಂಡರಿನ ಆಕಾರಕ್ಕೆ ಕತ್ತರಿಸಿ. ಸ್ಕ್ರೂ ಹೋಗಬೇಕಾದ ಮರದ ಗುಬ್ಬಿಗಳ ನೇರಕ್ಕೂ ಒಂದೊಂದು ಪಟ್ಟಿ ಅಂಟಿಸಿ ತೂತು ಗುರುತಿಸಿ. ಈಗ ಪಟ್ಟಿಗಳನ್ನು ಹಿಂದಕ್ಕೆ ಮಡಿಸಿ, ಎಂಜಿನ್ ಬಿಚ್ಚಿ, ಕೌಲಿಂಗ್ ಹೊದಿಸಿ, ಪಟ್ಟಿಗಳನ್ನು ಅದರ ಮೇಲೆ ಮತ್ತೆ ಬಿಡಿಸಿ. ಒಳಗಿನ ಸಿಲಿಂಡರ್ ಎಲ್ಲಿದೆಯೋ ಅಲ್ಲೇ ಹೊರಗೆ ಗೀಟು ಬೀಳುತ್ತದೆ.

ಗೀಟಿಗಿಂತ ಚಿಕ್ಕದಾಗಿ ಕೊರೆದು, ಅರದಲ್ಲಿ ಉಜ್ಜುತ್ತ ದೊಡ್ಡದು ಮಾಡಿ. ಫೈಬರ್ ಗ್ಲಾಸ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಕನ್ನಡಕ ಕಡ್ಡಾಯ. ಎಂಜಿನ್ ನಡುಗುವ ಯಂತ್ರ, ಆದ್ದರಿಂದ ಸುತ್ತಲೂ ಕನಿಷ್ಠ 5 ಮಿ.ಮೀ. ಬಿಡುವು ಬೇಕು.

ಸ್ಕ್ರೂ ತೂತು ಕೊರೆಯುವ ಮುನ್ನ ಎಂಜಿನ್ ಮತ್ತೆ ಕೂರಿಸಿ, ಕೌಲಿಂಗ್ ಹೊದಿಸಿ, 3 ಮಿ.ಮೀ. ದಪ್ಪದ ರಟ್ಟಿನ ಬಿಲ್ಲೆಯನ್ನು ಮೂತಿಗೂ ಸ್ಪಿನ್ನರಿನ ಹಿಂಬಿಲ್ಲೆಗೂ ನಡುವೆ ಇಟ್ಟು ಎಲ್ಲವನ್ನೂ ಟೇಪಿನಿಂದ ಬಿಗಿಯಿರಿ. ಸಂದಿ ತಾನಾಗಿಯೇ ಸಮವಾಗುತ್ತದೆ. ಕೊರೆದ ಮೇಲೆ ಮರದ ತೂತುಗಳಿಗೆ ಒಂದೊಂದು ಹನಿ ಫೆವಿಕ್ವಿಕ್ ಬಿಟ್ಟು ಒಣಗಿಸಿ, ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿ.

ಗಾಳಿಯ ದಾರಿ

ಮುಂದೆ ದೊಡ್ಡ ಬಾಯಿ ತೆರೆದರೆ ಎಂಜಿನ್ ತಂಪಾಗುತ್ತದೆ ಎಂಬುದು ತಪ್ಪು ಕಲ್ಪನೆ. ಒಳಬಂದ ಗಾಳಿ ಹೊರಹೋಗದಿದ್ದರೆ ಹೊಸ ಗಾಳಿ ಬರುವುದೇ ಇಲ್ಲ. ಹೊರದಾರಿ ಒಳದಾರಿಯ ಎರಡು ಪಟ್ಟಾದರೂ ಇರಲಿ, ಮೂರು ಪಟ್ಟಿದ್ದರೆ ಒಳ್ಳೆಯದು. ಅದನ್ನು ಕೌಲಿಂಗಿನ ಕೆಳಗೆ, ಹಿಂಭಾಗದಲ್ಲಿ ಕತ್ತರಿಸಿ. ಬಂದ ಗಾಳಿ ಸಿಲಿಂಡರಿನ ಪಕ್ಕದಿಂದ ಜಾರಿಹೋಗದೆ ರೆಕ್ಕೆಪಟ್ಟಿಗಳ ನಡುವೆಯೇ ನುಗ್ಗುವಂತೆ ತೆಳು ಪ್ಲೈವುಡ್ಡಿನ ಅಡ್ಡಗೋಡೆ ಕೊಡಿ. ಸಿಲಿಂಡರಿಗೆ ದಾರಿಯಿಲ್ಲದ ಮುಂಗಂಡಿಯನ್ನು ಮುಚ್ಚಿಬಿಡಿ.

ಚೋಕ್ ಮತ್ತು ಸೂಜಿ ತಿರುಪುಗಳಿಗೆ ಸಣ್ಣ ತೂತುಗಳು ಬೇಕು. ಟ್ಯೂನಿಂಗಿನ ಮೊದಲ ಹಂತವನ್ನು ಕೌಲಿಂಗ್ ಇಲ್ಲದೆ ಮಾಡಬಹುದು. ಕೊನೆಯ ಹಂತ ಮಾತ್ರ ಕೌಲಿಂಗ್ ಹಾಕಿಯೇ ಆಗಬೇಕು, ಏಕೆಂದರೆ ಒಳಗಿನ ಬಿಸಿ ಬೇರೆ. ಸೂಜಿಯನ್ನು ಎಂಜಿನ್ ನಿಧಾನಗತಿಯಲ್ಲಿದ್ದಾಗ ಅಥವಾ ನಿಂತಾಗಲೇ ಮುಟ್ಟಿ. ವಿಮಾನವನ್ನು ಕಟ್ಟಿಹಾಕಿ, ಹಿಡಿದುಕೊಳ್ಳಲು ಇನ್ನೊಬ್ಬರು ಇರಲಿ. ತಿರುಗುವ ಪ್ರೊಪೆಲ್ಲರಿನ ಸಾಲಿನಲ್ಲಿ ಯಾರೂ, ಮುಖ್ಯವಾಗಿ ಮಕ್ಕಳು, ನಿಲ್ಲಬಾರದು. ಮೊದಲ ದಿನದ ಹಾರಾಟ ಮುಗಿದ ಕೂಡಲೇ ಕೌಲಿಂಗ್ ಬಿಚ್ಚಿ ಎಂಜಿನ್ ಬೋಲ್ಟ್, ಮಫ್ಲರ್ ಬೋಲ್ಟ್ ಎರಡನ್ನೂ ಮತ್ತೊಮ್ಮೆ ಬಿಗಿಯಿರಿ. ಮೊದಲು ಸಡಿಲವಾಗುವುದು ಮಫ್ಲರಿನವೇ.